ಗಾಳಿ ಎಷ್ಟಿರಬೇಕು? ಹೊಲಕ್ಕಿಳಿಯುವ ಟ್ರ್ಯಾಕ್ಟರ್, ಜೀಪು ಮತ್ತು ಟೈರ್ ಗಾಡಿಗಳ ಬಗ್ಗೆ



ದನದ ಡಾಕ್ಟರು ಟೈರಿನ ಗಾಳಿಯ ವಿಷಯ ಏಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಗಾಳಿ ತುಂಬಿದ ಟೈರನ್ನು ಜನರ ಬಳಕೆಗೆ ತಂದವರೇ ಒಬ್ಬ ಪಶುವೈದ್ಯರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯ ವೃತ್ತಿ ನಡೆಸುತ್ತಿದ್ದ ಜಾನ್ ಬಾಯ್ಡ್ ಡನ್‌ಲಪ್ ಅವರು 1887ರಲ್ಲಿ ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಕಟ್ಟಿ ನೋಡಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಟ್ರ್ಯಾಕ್ಟರಿಗೆ ಮಾತ್ರ ಬಹುಕಾಲ ಕಬ್ಬಿಣದ ಗಾಲಿಯೇ ಇತ್ತು. 1932ರಲ್ಲಿ ಅಮೆರಿಕದ ಅಲಿಸ್ ಚಾಮರ್ಸ್ ಕಂಪನಿ ತನ್ನ ಟ್ರ್ಯಾಕ್ಟರಿಗೆ ಕಡಿಮೆ ಗಾಳಿಯ ದೊಡ್ಡ ಟೈರುಗಳನ್ನು ಜೋಡಿಸಿತು. ಆದ್ದರಿಂದ ಈ ವಿಷಯ ನಮಗೆ ತೀರ ಹೊರಗಿನದಲ್ಲ.

ನಾನು ಇದನ್ನು ಬರೆಯಲು ಬೇರೆ ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ರಾತ್ರಿ ಹರಿಹರ ತಾಲ್ಲೂಕಿನ ಒಂದು ಹಳ್ಳಿಯಿಂದ ಕರೆ ಬಂತು. ಹಸುವಿಗೆ ಹೆರಿಗೆ ತೊಡಕಾಗಿತ್ತು. ಊರಿನ ಹೊರಗಿನ ಎರೆಮಣ್ಣಿನ ದಾರಿಯಲ್ಲಿ ನಮ್ಮ ಜೀಪು ಹೂತುಹೋಯಿತು. ಚಾಲಕರು ನಾಲ್ಕೂ ಟೈರುಗಳ ಗಾಳಿಯನ್ನು ಅರ್ಧದಷ್ಟು ಬಿಟ್ಟರು. ಜೀಪು ಮೆಲ್ಲಗೆ ಮೇಲೆದ್ದು ಬಂತು. ಕರುವೂ ಉಳಿಯಿತು, ತಾಯಿಯೂ ಉಳಿಯಿತು. ಆ ಸಂತೋಷದಲ್ಲಿ ಮತ್ತೆ ಗಾಳಿ ತುಂಬಿಸಬೇಕೆಂಬುದು ನಮಗಿಬ್ಬರಿಗೂ ನೆನಪಾಗಲಿಲ್ಲ. ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿ.ಮೀ. ಡಾಂಬರು ರಸ್ತೆ. ಅರ್ಧ ದಾರಿಯಲ್ಲಿ ಹಿಂದಿನ ಟೈರು ಕಾದು, ಟ್ಯೂಬಿನ ಬಾಯಿ ಕಿತ್ತುಹೋಯಿತು. ಅದೇ ಬೆಳಗ್ಗೆ ಇನ್ನೊಂದು ಹಳ್ಳಿಯಲ್ಲಿ ಹಾಲುಜ್ವರದಿಂದ ಮಲಗಿದ್ದ ಹಸುವಿಗೆ ಕ್ಯಾಲ್ಸಿಯಂ ಕೊಡಲು ನಾನು ಎರಡು ಗಂಟೆ ತಡವಾಗಿ ಹೋದೆ. ಅದು ಉಳಿಯಲಿಲ್ಲ. ಗಾಳಿ ಬಿಟ್ಟಿದ್ದು ತಪ್ಪಲ್ಲ. ಬಿಟ್ಟ ಗಾಳಿಯನ್ನು ಮತ್ತೆ ತುಂಬದಿದ್ದುದು ತಪ್ಪು.

ಗಾಳಿಯ ಕೆಲಸವೇನು?

ವಾಹನದ ಭಾರ ಹೊರುವುದು ಬಹುಪಾಲು ಟೈರಿನ ಒಳಗಿನ ಗಾಳಿ. ನಾವು "20 ಪೌಂಡು ಗಾಳಿ" ಎನ್ನುವಾಗ ಪ್ರತಿ ಚದರ ಅಂಗುಲಕ್ಕೆ 20 ಪೌಂಡು ಒತ್ತಡ ಎಂದರ್ಥ. ಒಂದು ಗಾಲಿಯ ಮೇಲೆ 600 ಕಿಲೋ, ಅಂದರೆ ಸುಮಾರು 1,320 ಪೌಂಡು ಭಾರವಿದೆ ಎನ್ನೋಣ. ಗಾಳಿ 24 ಪೌಂಡು ಇದ್ದರೆ ಟೈರು ಸುಮಾರು 55 ಚದರ ಅಂಗುಲ ನೆಲವನ್ನು ಮುಟ್ಟುತ್ತದೆ. 12 ಪೌಂಡು ಇದ್ದರೆ ಸುಮಾರು 110 ಚದರ ಅಂಗುಲ ಮುಟ್ಟುತ್ತದೆ. ಟೈರಿನ ಬಿಗಿತದಿಂದ ಈ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು, ಆದರೆ ತತ್ವ ಇದೇ. ಅದೇ ಭಾರ ಇಮ್ಮಡಿ ಜಾಗಕ್ಕೆ ಹಂಚಿದರೆ ನೆಲದ ಮೇಲಿನ ಒತ್ತಡ ಅರ್ಧಕ್ಕಿಳಿಯುತ್ತದೆ. ಗಾಲಿ ಹೂಳುವುದೂ ಕಡಿಮೆ, ಜಾರುವುದೂ ಕಡಿಮೆ.

ಹಾಗಾದರೆ ಯಾವಾಗಲೂ ಕಡಿಮೆ ಗಾಳಿ ಇಟ್ಟರಾಯಿತಲ್ಲ ಎಂದರೆ ಅದೂ ಸರಿಯಲ್ಲ. ಗಟ್ಟಿ ರಸ್ತೆಯಲ್ಲಿ ಕಡಿಮೆ ಗಾಳಿಯ ಟೈರು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ. ಪಕ್ಕದ ಗೋಡೆ ಬಿರಿಯುತ್ತದೆ, ಡೀಸೆಲ್ ಹೆಚ್ಚು ತಿನ್ನುತ್ತದೆ, ವಾಹನ ಓಲಾಡುತ್ತದೆ. ಹೊಲಕ್ಕೆ ಒಂದು ಗಾಳಿ, ರಸ್ತೆಗೆ ಒಂದು ಗಾಳಿ ಎಂಬುದನ್ನು ನೆನಪಿಡಿ.

ಮೇವಿನ ಹೊಲಕ್ಕೂ ಹಾಲಿಗೂ ಸಂಬಂಧ

ಭದ್ರಾ ನಾಲೆಯ ಭತ್ತದ ಗದ್ದೆಗಳಲ್ಲಿ, ನಮ್ಮ ಮೆಕ್ಕೆಜೋಳದ ಎರೆಹೊಲಗಳಲ್ಲಿ ಹಸಿ ಇರುವಾಗಲೇ ಟ್ರ್ಯಾಕ್ಟರ್ ಇಳಿಸುವುದನ್ನು ನೋಡುತ್ತಿದ್ದೇನೆ. ಗಟ್ಟಿ ಗಾಳಿಯ ಟೈರು ಹಸಿ ಎರೆಮಣ್ಣನ್ನು ಇಟ್ಟಿಗೆಯಂತೆ ಅಮುಕುತ್ತದೆ. ನೇಪಿಯರ್ ಹುಲ್ಲಿನ ಮಡಿಯಲ್ಲಿ ಗಾಲಿ ಹಾಯ್ದ ಸಾಲಿನಲ್ಲಿ ಬೇರು ಇಳಿಯುವುದಿಲ್ಲ, ನೀರು ನಿಲ್ಲುತ್ತದೆ, ಗರಿ ಹಳದಿಯಾಗುತ್ತದೆ. ಹಸಿ ಮೇವು ಕಡಿಮೆಯಾದರೆ ಆ ಕೊರತೆಯನ್ನು ಪಶು ಆಹಾರದ ಚೀಲದಿಂದ ತುಂಬಬೇಕಾಗುತ್ತದೆ. ಹಣ ಹೋಗುವುದು ನಿಮ್ಮದೇ.

ಒಂದು ಗೇಣು ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆದು ನೋಡಿ. ದಾರದಂತೆ ಎಳೆ ಬಂದರೆ ಅಂದು ಟ್ರ್ಯಾಕ್ಟರ್ ಇಳಿಸಬೇಡಿ. ಗಾಳಿ ಎಷ್ಟೇ ಇಳಿಸಿದರೂ ಆ ಮಣ್ಣು ತಾಳದು. ಹುಲ್ಲು ಸಾಗಿಸಲು ಹೊಲದಲ್ಲಿ ಒಂದೇ ದಾರಿ ಗೊತ್ತು ಮಾಡಿಕೊಳ್ಳಿ. ಮೊದಲ ಸಲ ಹಾಯ್ದಾಗಲೇ ಹೆಚ್ಚಿನ ಹಾನಿ ಆಗುವುದರಿಂದ ದಿನಕ್ಕೊಂದು ದಾರಿ ಹಿಡಿಯುವುದು ನಷ್ಟ.

ಸರಿಯಾದ ಗಾಳಿ ಕಂಡುಹಿಡಿಯುವ ಕ್ರಮ

1. ಭಾರ ತಿಳಿಯಿರಿ. ಹುಲ್ಲು ಹೇರಿದ ಟ್ರ್ಯಾಕ್ಟರ್, ಟ್ರೇಲರನ್ನು ಒಮ್ಮೆ ವೇಬ್ರಿಡ್ಜಿನ ಮೇಲೆ ತೂಗಿಸಿ. ಮುಂದಿನ ಗಾಲಿಗಳನ್ನು ಬೇರೆ, ಹಿಂದಿನ ಗಾಲಿಗಳನ್ನು ಬೇರೆ ತೂಗಿ ಬರೆದುಕೊಳ್ಳಿ.

2. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಳತೆ, ಪ್ಲೈ ಸಂಖ್ಯೆ ಮತ್ತು ಗರಿಷ್ಠ ಒತ್ತಡ ಓದಿ. ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಆ ಭಾರಕ್ಕೆ ಎಷ್ಟು ಗಾಳಿ ಎಂಬ ಪಟ್ಟಿ ಇರುತ್ತದೆ. ನಮ್ಮಲ್ಲಿ ಸಾಮಾನ್ಯವಾದ ಟ್ರ್ಯಾಕ್ಟರುಗಳ ಹಿಂದಿನ ಟೈರಿಗೆ ಹೊಲದ ಕೆಲಸಕ್ಕೆ 12 ಪೌಂಡಿನ ಆಸುಪಾಸು, ಟ್ರೇಲರ್ ಎಳೆಯುವಾಗ ರಸ್ತೆಯಲ್ಲಿ 16ರಿಂದ 20 ಪೌಂಡು ಹೇಳಿರುತ್ತಾರೆ. ನಿಮ್ಮ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯದೇ ಅಂತಿಮ. ಟ್ರೇಲರಿನ ಟೈರಿಗೆ ಇದಕ್ಕಿಂತ ಬಹಳ ಹೆಚ್ಚು ಗಾಳಿ ಬೇಕು. ಎರಡಕ್ಕೂ ಒಂದೇ ಅಳತೆ ಹಿಡಿಯಬೇಡಿ.

3. ಕೋಲಿನಿಂದ ಬಡಿದು ಅಂದಾಜು ಮಾಡಬೇಡಿ. ಗೇಜ್ ಇಟ್ಟು ಅಳೆಯಿರಿ. ಬೆಳಗ್ಗೆ, ವಾಹನ ಓಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. 20 ಪೌಂಡಿನ ಟೈರು 10 ಡಿಗ್ರಿ ಕಾದರೆ ಸುಮಾರು 1 ಪೌಂಡು ಏರುತ್ತದೆ. ಕಾದ ಟೈರಿನ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕೊರತೆ ಬೀಳುತ್ತದೆ. ಟೈರಿನಲ್ಲಿ ನೀರು ತುಂಬಿಸಿದ್ದರೆ ವಾಲ್ವನ್ನು ಮೇಲಕ್ಕೆ ತಂದು ಅಳೆಯಿರಿ.

4. ಹೊಲದಲ್ಲಿ ಪರೀಕ್ಷಿಸಿ. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಹೂಡದೆ 10 ಸುತ್ತು ಓಡಿಸಿ ದೂರ ಅಳೆಯಿರಿ. ನೇಗಿಲು ಹೂಡಿ ಮತ್ತೆ 10 ಸುತ್ತು ಓಡಿಸಿ. ಮೊದಲು 40 ಮೀಟರ್, ಆಮೇಲೆ 35 ಮೀಟರ್ ಬಂದರೆ 5 ಮೀಟರ್ ಜಾರಿಕೆ, ಅಂದರೆ ಶೇ. 12.5. ಶೇ. 8ರಿಂದ 15ರವರೆಗೆ ಪರವಾಗಿಲ್ಲ. ಅದಕ್ಕೂ ಹೆಚ್ಚಾದರೆ ಗಾಳಿ ಗಟ್ಟಿಯಾಗಿರಬಹುದು, ಭಾರ ಸಾಲದಿರಬಹುದು ಅಥವಾ ಟೈರು ಸವೆದಿರಬಹುದು.

5. ಟ್ರೇಲರ್ ಮತ್ತು ಜೀಪಿನ ಟೈರಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು, ಗಟ್ಟಿ ನೆಲದ ಮೇಲೆ ಸ್ವಲ್ಪ ದೂರ ನೇರವಾಗಿ ಓಡಿಸಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು. ಎರಡು ಅಂಚು ಮಾತ್ರ ಅಳಿಸಿದರೆ ಗಾಳಿ ಕಡಿಮೆ. ಸಮನಾಗಿ ಅಳಿಸಿದರೆ ಸರಿ.

6. ಜೀಪು, ಪಿಕಪ್ ಇರುವವರಿಗೆ ಇನ್ನೊಂದು ಉಪಾಯ. ತಣ್ಣಗಿದ್ದಾಗ ಅಳೆದು, ಅರ್ಧ ಗಂಟೆ ಓಡಿಸಿ ಮತ್ತೆ ಅಳೆಯಿರಿ. ಸುಮಾರು 4 ಪೌಂಡು ಏರಿದ್ದರೆ ಹದವಾಗಿದೆ. ಬಹಳ ಹೆಚ್ಚು ಏರಿದ್ದರೆ ಆರಂಭದಲ್ಲಿ ಗಾಳಿ ಕಡಿಮೆ ಇತ್ತು, ಏರದೇ ಇದ್ದರೆ ಹೆಚ್ಚಿತ್ತು ಎಂದು ತಿಳಿಯಬಹುದು.

ಟೈರ್ ಗಾಡಿ ಮತ್ತು ಎತ್ತಿನ ಹೆಗಲು

ಟೈರ್ ಗಾಡಿಗೆ ಕೈಪಿಡಿ ಇಲ್ಲ. ಅದರ ಲೆಕ್ಕ ಎತ್ತಿನ ಹೆಗಲ ಮೇಲೆ ಬರೆದಿರುತ್ತದೆ. ಜೋಡಿ ಎತ್ತುಗಳು ದಿನವಿಡೀ ಎಳೆಯಬಲ್ಲ ಬಲ ಅವುಗಳ ಮೈತೂಕದ ಸುಮಾರು ಹತ್ತನೇ ಒಂದು ಪಾಲು. ರಸ್ತೆಯಲ್ಲಿ ಟೈರು ಬಸಿದು ಕೂತಿದ್ದರೆ ಅದೇ ಹೇರಿಗೆ ಎಳೆತ ಹೆಚ್ಚಾಗುತ್ತದೆ. ಒಂದು ಗಾಲಿಯಲ್ಲಿ ಗಾಳಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಇದ್ದರೆ ಗಾಡಿ ಒಂದೇ ಕಡೆ ಎಳೆದು ನೊಗ ಉಜ್ಜುತ್ತದೆ. ನನ್ನ ಬಳಿ ಹೆಗಲು ಬಾವು, ಹುಣ್ಣು ಎಂದು ತರುವ ಎತ್ತುಗಳ ಗಾಡಿಯನ್ನೂ ನಾನು ನೋಡುತ್ತೇನೆ. ಮುಲಾಮು ಹಚ್ಚಿ ಕಳಿಸಿ, ಮರುದಿನ ಅದೇ ಗಾಡಿಗೆ ಹೂಡಿದರೆ ಹುಣ್ಣು ಮಾಯುವುದಿಲ್ಲ. ಎರಡೂ ಗಾಲಿಗೆ ಸಮ ಗಾಳಿ ಇರಲಿ. ಬೇರಿಂಗಿಗೆ ಗ್ರೀಸ್ ಇರಲಿ. ಹುಣ್ಣು ಪೂರ್ತಿ ಮಾಯುವವರೆಗೆ ಎತ್ತಿಗೆ ವಿಶ್ರಾಂತಿ ಇರಲಿ.

ಹಾಲಿನ ಕ್ಯಾನು ಸಾಗಿಸುವವರಿಗೂ ಒಂದು ಮಾತು. ಅತಿ ಗಟ್ಟಿ ಟೈರಿನ ಕುಲುಕಾಟದಲ್ಲಿ ಅರೆ ತುಂಬಿದ ಕ್ಯಾನಿನ ಹಾಲು ಕಡೆದಂತಾಗಿ ಬೆಣ್ಣೆ ಮುಚ್ಚಳಕ್ಕೆ ಅಂಟುತ್ತದೆ. ಆ ಮೇಲೆ ಫ್ಯಾಟ್ ಕಡಿಮೆ ಬಂತೆಂದು ಪರೀಕ್ಷಕರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಕ್ಯಾನನ್ನು ಕುತ್ತಿಗೆಯವರೆಗೆ ತುಂಬಿ ಸಾಗಿಸಿ.

ಎಚ್ಚರಿಕೆಗಳು

ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡ ಎಂದಿಗೂ ಮೀರಬೇಡಿ. ಗಾಳಿ ತುಂಬುವಾಗ ಟೈರಿನ ಎದುರಿಗೆ ನಿಲ್ಲಬೇಡಿ, ಮಕ್ಕಳನ್ನು ದೂರವಿಡಿ, ಏಕೆಂದರೆ ರಿಮ್ಮಿನ ಉಂಗುರ ಸಿಡಿದರೆ ಪ್ರಾಣಕ್ಕೇ ಅಪಾಯ. ಹುಲ್ಲಿನ ಹೇರಿನ ಮೇಲೆ ಜನರನ್ನು ಕೂರಿಸಿಕೊಂಡು ಹೆದ್ದಾರಿಗೆ ಬರಬೇಡಿ. ಹೊಲದಲ್ಲಿ ಇಳಿಸಿದ ಗಾಳಿಯನ್ನು ಡಾಂಬರು ಹತ್ತುವ ಮೊದಲು ತುಂಬಿಸಿ. ಇದಕ್ಕಾಗಿ ಒಂದು ಗೇಜ್, ಒಂದು ಕಾಲು ಪಂಪು ವಾಹನದಲ್ಲೇ ಇರಲಿ. ಒಬ್ಬೊಬ್ಬರಿಗೆ ಖರ್ಚೆನಿಸಿದರೆ ನಾಲ್ಕು ಮನೆಯವರು ಸೇರಿ ಒಂದು ಗೇಜ್ ಕೊಳ್ಳಬಹುದು.

ನಮ್ಮ ಜೀಪಿನಲ್ಲಿ ಅಂದಿನಿಂದ ಔಷಧಿ ಪೆಟ್ಟಿಗೆಯ ಪಕ್ಕದಲ್ಲೇ ಪಂಪು ಇದೆ. ಕ್ಯಾಲ್ಸಿಯಂ ಬಾಟಲಿ ಎಷ್ಟಿವೆ ಎಂದು ನೋಡುವಾಗಲೇ ಗೇಜನ್ನೂ ನೋಡಿಕೊಳ್ಳುತ್ತೇನೆ. ನೀವೂ ಬೆಳಗಿನ ಹಾಲು ಸಂಘಕ್ಕೆ ಹಾಕಿ ಬಂದ ಮೇಲೆ, ವಾರಕ್ಕೊಮ್ಮೆಯಾದರೂ ಐದು ನಿಮಿಷ ಇದಕ್ಕೆ ಕೊಡಿ.