ಬಾಂದ್ರಾದಲ್ಲಿ ಕೂತು ಹಂಪಿ ನೋಡುವುದು

ಮುಂಬೈನ ಬಾಂದ್ರಾ ಪೂರ್ವದ ಬಿಕೆಸಿ ವಾಣಿಜ್ಯ ಪ್ರದೇಶದಲ್ಲಿ ಜೆಎಸ್‌ಡಬ್ಲ್ಯೂ ಸಮೂಹದ ಪ್ರಧಾನ ಕಚೇರಿಯಿದೆ. ಅದೇ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ಹಂಪಿಗೆ ಹತ್ತಿರದ ತೋರಣಗಲ್ಲಿನಲ್ಲಿ. ಅಲ್ಲಿನ ಕಲಾಧಾಮದಲ್ಲಿ 2012ರಲ್ಲಿ ‘ಪ್ಲೇಸ್-ಹಂಪಿ’ ಎಂಬ ಪ್ರದರ್ಶನ ತೆರೆಯಿತು. ಸುತ್ತಲೂ ದುಂಡನೆಯ ಪರದೆ, ನಡುವೆ ತಿರುಗುವ ವೇದಿಕೆ, ಕಣ್ಣಿಗೆ ತ್ರೀಡಿ ಕನ್ನಡಕ. ಹಂಪಿಯ ಬಂಡೆಗಳೂ ಮಂಟಪಗಳೂ ನೋಡುಗರನ್ನು ಸುತ್ತುವರಿಯುತ್ತವೆ. ಜೆಫ್ರಿ ಶಾ ಮತ್ತು ಸಾರಾ ಕೆಂಡರ್ಡೈನ್ ರೂಪಿಸಿದ ಈ ಕೃತಿಯನ್ನು ಮೊದಲು ನೋಡಿದವರು ಫ್ರಾನ್ಸಿನ ಲಿಲ್ ನಗರದವರು, 2006ರಲ್ಲಿ.

ಈಗ ಅಂಥ ಅನುಭವದ ಸಣ್ಣ ರೂಪ ಮನೆಗೇ ಬಂದಿದೆ. 2023ರಲ್ಲಿ ಬಂದ ಜಿಯೊಡೈವ್ ಎಂಬ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್‌ನ ಬೆಲೆ ಆಗ 1,299 ರೂಪಾಯಿ ಇತ್ತು. ಒಳಗೆ ಮೊಬೈಲ್ ಇಟ್ಟು ಕಣ್ಣಿಗೆ ಕಟ್ಟಿಕೊಂಡರೆ ಸಾಕು.

ಬಾಂದ್ರಾದಲ್ಲಿರುವ ನಮ್ಮ ಸೋದರತ್ತೆ ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವರು. ಮಂಡಿನೋವಿನಿಂದಾಗಿ ಮೂರನೇ ಮಹಡಿ ಇಳಿಯುವುದೇ ಅವರಿಗೆ ಕಷ್ಟ. ಇಂಥದೊಂದು ಹೆಡ್‌ಸೆಟ್ ಹಾಕಿ ವಿಠ್ಠಲ ದೇವಸ್ಥಾನದ 360 ಡಿಗ್ರಿ ವಿಡಿಯೊ ತೋರಿಸಿದೆ. ಕಲ್ಲಿನ ರಥ ಕಂಡೊಡನೆ ಕತ್ತು ತಿರುಗಿಸಿ, “ಹೊಳೆ ಈ ಕಡೆ ಇರಬೇಕಲ್ಲೇನೋ?” ಎಂದು ಹುಡುಕಿದರು. ಆಮೇಲೆ ಚಕ್ರ ನೋಡಲು ಮುಂದಕ್ಕೆ ಬಾಗಿದರು. ರಥ ಹತ್ತಿರ ಬರಲಿಲ್ಲ. ಅವರು ಬಾಗಿದಷ್ಟೂ ತಾನೂ ಹಿಂದೆ ಸರಿದಂತಾಯಿತು.

ಮೊಬೈಲಿನ ಜೈರೊಸ್ಕೋಪ್ ತಲೆ ತಿರುಗಿದ್ದನ್ನು ಗುರುತಿಸುತ್ತದೆ, ಚಿತ್ರವನ್ನು ಅದಕ್ಕೆ ತಕ್ಕಂತೆ ಸರಿಸುತ್ತದೆ. ತಲೆ ಮುಂದೆ ಹೋದದ್ದು ಅದಕ್ಕೆ ಗೊತ್ತಾಗುವುದಿಲ್ಲ. ದುಬಾರಿ ಹೆಡ್‌ಸೆಟ್‌ಗಳು ಕ್ಯಾಮೆರಾಗಳಿಂದ ಕೋಣೆಯನ್ನೇ ಗಮನಿಸುತ್ತಾ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆದರೆ ಈ ವಿಡಿಯೊ ಒಂದೇ ಜಾಗದಲ್ಲಿ ನಿಲ್ಲಿಸಿದ ಕ್ಯಾಮೆರಾದ್ದು. ಹೆಡ್‌ಸೆಟ್ ಎಷ್ಟೇ ಒಳ್ಳೆಯದಾದರೂ ಅದು ಅತ್ತೆಯನ್ನು ಚಕ್ರದ ಹತ್ತಿರ ಒಯ್ಯಲಾರದು. ಅದಕ್ಕೆ ರಥದ ಮೂರು ಆಯಾಮದ ಮಾದರಿಯೇ ಬೇಕು.

ಇನ್ನು ತಲೆಸುತ್ತು. ನಮ್ಮ ಒಳಕಿವಿಯ ಅರ್ಧವರ್ತುಲ ನಾಳಗಳು ತಲೆಯ ಪ್ರತಿ ತಿರುವನ್ನೂ ಮಿದುಳಿಗೆ ತಿಳಿಸುತ್ತಿರುತ್ತವೆ. ಚಿತ್ರ ಸುಮಾರು 20 ಮಿಲಿಸೆಕೆಂಡಿಗಿಂತ ತಡವಾಗಿ ಸರಿದರೆ ಕಣ್ಣಿನ ವರದಿಗೂ ಕಿವಿಯ ವರದಿಗೂ ತಾಳೆಯಾಗದೆ ಹೊಟ್ಟೆ ತೊಳಸಬಹುದು. ಆದ್ದರಿಂದ ಹಿರಿಯರಿಗೆ ಹಾಕುವಾಗ ಕುರ್ಚಿಯಲ್ಲಿ ಕೂರಿಸಿ, ಸ್ವಲ್ಪ ಹೊತ್ತಷ್ಟೇ ತೋರಿಸುವುದು ಕ್ಷೇಮ.

ಮಿದುಳಿನ ಗಮನವನ್ನು ಹೀಗೆ ಪೂರ್ತಿ ಸೆಳೆದುಕೊಳ್ಳುವ ಗುಣದಿಂದ ಉಪಕಾರವೂ ಇದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ‘ಸ್ನೋವರ್ಲ್ಡ್’ ಎಂಬ ವರ್ಚುವಲ್ ರಿಯಾಲಿಟಿ ಲೋಕ ಸುಟ್ಟಗಾಯದ ರೋಗಿಗಳಿಗೆ ಡ್ರೆಸ್ಸಿಂಗ್ ಬದಲಿಸುವಾಗ ಹಿಮದ ಕಣಿವೆಯಲ್ಲಿ ಆಡಲು ಕೊಡುತ್ತದೆ. ಆ ಹೊತ್ತಿನಲ್ಲಿ ನೋವು ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿದೆ. ನನಗೆ ಯಾವ ಆಟಕ್ಕಿಂತಲೂ ಈ ಉಪಕಾರವೇ ದೊಡ್ಡದು.

ಅತ್ತೆಯನ್ನು ಚಕ್ರದ ಹತ್ತಿರ ಒಯ್ಯಬಲ್ಲಂಥ ಹಂಪಿಯ ಮಾದರಿಯ ಕೆಲಸ ಶುರುವಾಗಿ ಬಹಳ ಕಾಲವಾಯಿತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆ ಹಂಪಿಯನ್ನೇ ಆರಿಸಿಕೊಂಡಿತು, ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನವರೂ ಅದರಲ್ಲಿ ದುಡಿದರು. ಅಂಥ ಮಾದರಿಗಳು ಕನ್ನಡದ ವಿವರಣೆಯೊಂದಿಗೆ ಸಾಮಾನ್ಯರ ಮೊಬೈಲಿಗೆ ಸಿಗಬೇಕು. ವಿಠ್ಠಲ ದೇವಸ್ಥಾನದ ಸಂಗೀತದ ಕಂಬಗಳನ್ನು ತಟ್ಟುವುದಕ್ಕೆ ಈಗ ನಿಷೇಧವಿದೆ, ಇರಬೇಕಾದದ್ದೇ. ಪುರಾತತ್ವ ಇಲಾಖೆಯೇ ಮುಂದೆ ನಿಂತು ಒಮ್ಮೆ ಒಂದೊಂದು ಕಂಬದ ದನಿಯನ್ನೂ ಜಾಗ್ರತೆಯಿಂದ ಧ್ವನಿಮುದ್ರಿಸಿ ಮಾದರಿಗೆ ಸೇರಿಸಿದರೆ, ಕಲ್ಲಿಗೆ ಇನ್ನೊಂದು ಪೆಟ್ಟೂ ಬೀಳದೆ ಯಾರು ಬೇಕಾದರೂ ಅದನ್ನು ನುಡಿಸಿ ಕೇಳಬಹುದು.