ನಿಮಗಿದು ಗೊತ್ತೆ? ಮದ್ದೂರಿನ ಕಲ್ಲೇ ಬೇರೆ, ಉಡುಪಿಯ ಕಲ್ಲೇ ಬೇರೆ!

1865ರಲ್ಲಿ ಮದ್ದೂರಿನ ಬಳಿ, 1866ರಲ್ಲಿ ಉಡುಪಿ ಸೀಮೆಯಲ್ಲಿ ಆಕಾಶದಿಂದ ಬಿದ್ದ ಕಲ್ಲುಗಳು ಒಂದೇ ತಾಯಿಯ ಮಕ್ಕಳಲ್ಲ. ಎರಡೂ ಶಿಲಾ ಉಲ್ಕೆಗಳೇ. ಆದರೆ ಮದ್ದೂರಿನದು ‘ಎಲ್5’, ಉಡುಪಿಯದು ‘ಎಚ್5’. ಎಚ್ ಎಂದರೆ ಒಟ್ಟು ಕಬ್ಬಿಣ ಹೆಚ್ಚಿರುವ ಗುಂಪು, ಎಲ್ ಎಂದರೆ ಕಡಿಮೆ ಇರುವ ಗುಂಪು. 5 ಎಂಬುದು ಮೂಲ ಕ್ಷುದ್ರಗ್ರಹದೊಳಗೆ ಕಲ್ಲು ಎಷ್ಟು ಬೆಂದಿತ್ತು ಎಂಬುದರ ಅಳತೆ. ಮರುಭೂಮಿಯಲ್ಲಿ ಸಾವಿರಾರು ವರ್ಷ ಬಿದ್ದಿದ್ದ ಕಲ್ಲಿನ ಕಬ್ಬಿಣ ತುಕ್ಕಾದರೆ ಗುಂಪು ತಪ್ಪುವುದಿಲ್ಲವೇ ಎಂದು ಕೇಳಬಹುದು. ಸಾಮಾನ್ಯವಾಗಿ ತಪ್ಪದು. ಏಕೆಂದರೆ ನಿರ್ಣಾಯಕ ಸಾಕ್ಷಿ ಲೋಹದ ಕಣವಲ್ಲ, ಆಲಿವಿನ್ ಖನಿಜ. ಅದರಲ್ಲಿ ಮೆಗ್ನೀಸಿಯಂ, ಕಬ್ಬಿಣ ಎರಡರ ಮೊತ್ತದಲ್ಲಿ ಕಬ್ಬಿಣದ ಪಾಲು ಎಚ್ ಗುಂಪಿನಲ್ಲಿ ಸುಮಾರು ಶೇ 16ರಿಂದ 20, ಎಲ್ ಗುಂಪಿನಲ್ಲಿ ಶೇ 22ರಿಂದ 26. ಎಚ್ ಗುಂಪಿನ ಕಬ್ಬಿಣ ಹೆಚ್ಚಾಗಿ ಲೋಹವಾಗಿಯೇ ಇರುವುದರಿಂದ ಆಲಿವಿನ್‌ನಲ್ಲಿ ಅದರ ಪಾಲು ಕಡಿಮೆ. ತುಕ್ಕು ಇದನ್ನು ಬೇಗ ಕೆಡಿಸಲಾರದು.

ಇನ್ನು, ಸಿಕ್ಕ ಕಲ್ಲು ಉಲ್ಕೆಯೇ ಎಂದು ತಿಳಿಯಲು ಅಯಸ್ಕಾಂತ ಹಿಡಿದರೆ ಸಾಲದೇ? ಖಂಡಿತ ಸಾಲದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ಸಿಗುವ ಕಪ್ಪು ಡಾಲರೈಟ್ ಕಲ್ಲಿನಲ್ಲೂ ಮ್ಯಾಗ್ನೆಟೈಟ್ ಇರುತ್ತದೆ. ಅಯಸ್ಕಾಂತ ಅದನ್ನೂ ಎಳೆದೀತು. ಹೊಲದಲ್ಲಿ ಕರಕಲು ಸಿಪ್ಪೆಯ, ಗಾತ್ರಕ್ಕೆ ಮೀರಿದ ತೂಕದ ಕಲ್ಲು ಕಂಡರೆ ಒಡೆಯಬೇಡಿ, ತೊಳೆಯಬೇಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಿ.