ಸಿಪ್ಯಾಪ್ ಯಂತ್ರದ ಗಾಳಿಗೆ ಎಷ್ಟು ತೇವ ಬೇಕು?

ನಿದ್ರೆ ಗಾಢವಾದಂತೆ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆಯ ಬುಡವೂ ಕಿರುನಾಲಿಗೆಯ ಸುತ್ತಲಿನ ಮೆತ್ತನೆಯ ಅಂಗುಳೂ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಪದೇ ಪದೇ ಮುಚ್ಚುವ ಕಾಯಿಲೆಗೆ ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದನ್ನು ಒಂದು ತಡೆಯೆಂದು ಎಣಿಸುತ್ತಾರೆ. ಪೂರ್ತಿ ನಿಲ್ಲದೆ ಕುಗ್ಗಿದ ಉಸಿರನ್ನೂ ಸೇರಿಸಿಕೊಂಡು ಇಂಥ ತಡೆಗಳು ಗಂಟೆಗೆ 5ರಿಂದ 15ರವರೆಗೆ ಇದ್ದರೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30ನ್ನು ಮೀರಿದರೆ ತೀವ್ರ ಎಂದು ಕಾಯಿಲೆಯನ್ನು ವಿಂಗಡಿಸುತ್ತಾರೆ. ಮನೆಯವರಿಗೆ ಕೇಳಿಸುವುದು ಗೊರಕೆ ಮಾತ್ರವಾದರೂ, ಗೊರಕೆ ತಟ್ಟನೆ ನಿಂತು ಮತ್ತೆ ದೊಡ್ಡ ಏದುಸಿರಿನೊಂದಿಗೆ ಶುರುವಾಗುವ ನಡುವಿನ ಮೌನವೇ ನಿಜವಾದ ರೋಗಲಕ್ಷಣ. ಹಗಲಿನ ತೂಕಡಿಕೆ, ಬೆಳಗಿನ ತಲೆನೋವು, ಹತೋಟಿಗೆ ಬಾರದ ರಕ್ತದೊತ್ತಡ ಇವೆಲ್ಲ ಅದರ ಹಿಂದೆಯೇ ಬರುತ್ತವೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಮತ್ತು ಅವರ ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದ ಉಪಾಯ ಈ ಕಾಯಿಲೆಗೆ ಇಂದಿಗೂ ಮುಖ್ಯ ಚಿಕಿತ್ಸೆಯಾಗಿ ಉಳಿದಿದೆ. ಮೂಗಿನ ಮೂಲಕ ಹದವಾದ ಒತ್ತಡದ ಗಾಳಿಯನ್ನು ಬಿಡುವಿಲ್ಲದೆ ಹಾಯಿಸಿದರೆ ಆ ಗಾಳಿಯೇ ಗಂಟಲನ್ನು ಒಳಗಿನಿಂದ ತೆರೆದಿಡುತ್ತದೆ ಎಂಬುದು ಅದರ ತತ್ತ್ವ. ಸಿಪ್ಯಾಪ್ ಎಂದು ಕರೆಯಲಾಗುವ ಈ ಯಂತ್ರವು ಆಮ್ಲಜನಕದ ಯಂತ್ರವಲ್ಲ. ಕೋಣೆಯ ಗಾಳಿಯನ್ನೇ ಸೋಸಿ, ಒತ್ತಿ, ಕೊಳವೆಯ ಮೂಲಕ ಮುಖವಾಡಕ್ಕೆ ತಲುಪಿಸುವ ಪಂಖವಷ್ಟೆ. ಒತ್ತಡವನ್ನು ನೀರಿನ ಎತ್ತರದಲ್ಲಿ ಅಳೆಯುವುದು ರೂಢಿ: 10 ಎಂದು ಬರೆದುಕೊಟ್ಟರೆ 10 ಸೆಂಟಿಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ನಿಲ್ಲಿಸುವಷ್ಟು ಒತ್ತಡ ಎಂದರ್ಥ, ಮನೆಬಳಕೆಯ ಯಂತ್ರಗಳು ಸಾಮಾನ್ಯವಾಗಿ 4ರಿಂದ 20ರವರೆಗೆ ಒದಗಿಸುತ್ತವೆ.

ಕೋಣೆಯ ಗಾಳಿಯನ್ನೇ ಬಳಸುವುದರಿಂದ, ಆ ಕೋಣೆ ಯಾವ ಊರಿನಲ್ಲಿದೆ, ಯಾವ ತಿಂಗಳಿನಲ್ಲಿದೆ ಎಂಬುದು ಚಿಕಿತ್ಸೆಯ ಸುಖದುಃಖವನ್ನು ನಿರ್ಧರಿಸುತ್ತದೆ. ಯಂತ್ರ ಕೊಂಡ ಕೆಲವೇ ವಾರಗಳಲ್ಲಿ ಅದನ್ನು ಕಪಾಟಿಗೆ ಸೇರಿಸಿದವರ ವಿಷಯದಲ್ಲಿ ಅವರಿಗೆ ಹಟ ಸಾಲದು, ಶಿಸ್ತು ಸಾಲದು ಎಂದು ಮನೆಯವರೂ ಕೆಲವೊಮ್ಮೆ ವೈದ್ಯರೂ ಹೇಳುವುದುಂಟು. ಆದರೆ ಒಣಗಿದ ಬಾಯಿ, ಕಟ್ಟಿದ ಮೂಗು, ನಡುರಾತ್ರಿ ಮುಖದ ಮೇಲೆ ಚಿಮ್ಮುವ ನೀರು ಇವು ಮೂರೂ ಮನೋಬಲದ ಪ್ರಶ್ನೆಗಳಲ್ಲ, ತೇವಾಂಶದ ಪ್ರಶ್ನೆಗಳು.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಇದಕ್ಕೆ ಒಳ್ಳೆಯ ಉದಾಹರಣೆಯಾಗಬಲ್ಲ ಊರು. ಹಳ್ಳಕ್ಕೆ ಕಟ್ಟಿದ ಜಲಾಶಯ ಮತ್ತು ಅದರ ಸುತ್ತಲಿನ ಪಕ್ಷಿಧಾಮದಿಂದ ಹೆಸರಾದ ಈ ಊರು ಸಹ್ಯಾದ್ರಿಯ ಪೂರ್ವದ ಮಗ್ಗುಲಲ್ಲಿ, ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿದೆ. ಪಶ್ಚಿಮಕ್ಕೆ ಜೋಯಿಡಾ, ದಾಂಡೇಲಿಯ ಕಡೆ ಹೋದಂತೆ ಮಳೆ ಹೆಚ್ಚುತ್ತದೆ, ಪೂರ್ವಕ್ಕೆ ಹುಬ್ಬಳ್ಳಿಯ ಕಡೆ ಹೋದಂತೆ ಕಡಿಮೆಯಾಗುತ್ತದೆ. ಮುಂಡಗೋಡ, ಹಳಿಯಾಳಗಳಿಗೆ ಎರಡರ ಸ್ವಭಾವವೂ ಸರದಿಯ ಮೇಲೆ ಬರುತ್ತದೆ. ಆಷಾಢ, ಶ್ರಾವಣಗಳಲ್ಲಿ ಒಗೆದ ಬಟ್ಟೆ ಒಣಗದ ಮನೆಯಲ್ಲೇ ಶಿವರಾತ್ರಿಯ ಹೊತ್ತಿಗೆ ತುಟಿ ಒಡೆಯುತ್ತದೆ. ಆದ್ದರಿಂದ ಯಂತ್ರ ತಂದ ದಿನ ಅಂಗಡಿಯವರು ಹಾಕಿಕೊಟ್ಟ ತೇವಾಂಶದ ಅಂಕಿ ವರ್ಷವಿಡೀ ಸರಿಹೊಂದಲು ಇಲ್ಲಿ ಸಾಧ್ಯವೇ ಇಲ್ಲ.

ಗಾಳಿಯು ಎಷ್ಟು ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ. 20 ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರನ್ನು ಹೊರಬಲ್ಲದು, 30 ಡಿಗ್ರಿಯದು ಸುಮಾರು 30 ಗ್ರಾಂ, ದೇಹದ ಉಷ್ಣತೆಯಾದ 37 ಡಿಗ್ರಿಯದು ಸುಮಾರು 44 ಗ್ರಾಂ. ಶ್ವಾಸಕೋಶದ ಆಳಕ್ಕೆ ತಲುಪುವ ಗಾಳಿ ಈ 44 ಗ್ರಾಮಿನ ತುಂಬು ತೇವವನ್ನು ಹೊಂದಿರಲೇಬೇಕು, ಹೊರಗಿನ ಗಾಳಿಯಲ್ಲಿ ಕಡಿಮೆಯಿರುವುದನ್ನು ಮೂಗು ಮತ್ತು ಗಂಟಲಿನ ಒದ್ದೆ ಒಳಪೊರೆಗಳು ತುಂಬಿಕೊಡುತ್ತವೆ. ಮಳೆಗಾಲದ ರಾತ್ರಿ ಗಾಳಿಯಲ್ಲೇ 19–20 ಗ್ರಾಂ ಇರುವಾಗ ಮೂಗಿನ ಕೆಲಸ ಹಗುರ. ಅದೇ ಮಾರ್ಚ್ ತಿಂಗಳ ರಾತ್ರಿ, ಉಷ್ಣತೆ 24 ಡಿಗ್ರಿಯಿದ್ದು ಸಾಪೇಕ್ಷ ತೇವಾಂಶ ಶೇಕಡಾ 40ಕ್ಕೆ ಇಳಿದಿದ್ದರೆ ಗಾಳಿಯಲ್ಲಿರುವುದು 9 ಗ್ರಾಮಿಗೂ ಕಡಿಮೆ. ಡಿಸೆಂಬರಿನ ಚಳಿರಾತ್ರಿಯಲ್ಲಿ 15 ಡಿಗ್ರಿಯ ಗಾಳಿ ಶೇಕಡಾ 70ರಷ್ಟು ತೇವವಾಗಿದ್ದರೂ ನೀರಿನ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಚಳಿಗಾಲದ ಇಬ್ಬನಿಯನ್ನು ನೋಡಿ ಗಾಳಿ ಒದ್ದೆಯಾಗಿದೆ ಎಂದುಕೊಳ್ಳುವವರು ಮೋಸಹೋಗುವುದು ಇಲ್ಲೇ.

ಮೂಗು ಆರೋಗ್ಯವಾಗಿದ್ದು ಬಾಯಿ ಮುಚ್ಚಿದ್ದರೆ ಈ ಕೊರತೆಯನ್ನೂ ಅದು ನಿಭಾಯಿಸುತ್ತದೆ, ಏಕೆಂದರೆ ಉಸಿರು ಹೊರಬಿಡುವಾಗ ಹಿಂತಿರುಗುವ ಬೆಚ್ಚನೆಯ ಗಾಳಿಯಿಂದ ನೀರಿನ ಒಂದು ಪಾಲನ್ನು ಮೂಗು ಮರಳಿ ಪಡೆಯುತ್ತದೆ. ತೊಂದರೆ ಆರಂಭವಾಗುವುದು ನಿದ್ರೆಯಲ್ಲಿ ಬಾಯಿ ತೆರೆದುಕೊಂಡಾಗ. ಆಗ ಯಂತ್ರದ ಗಾಳಿ ಮೂಗಿನಿಂದ ಒಳಬಂದು ಬಾಯಿಯಿಂದ ಹೊರಹೋಗುತ್ತದೆ. ಹರಿವು ಒಂದೇ ದಿಕ್ಕಿನದಾಗುವುದರಿಂದ ಮೂಗಿಗೆ ನೀರು ಮರಳುವ ಮಾತೇ ಇಲ್ಲ. ಒಣಗಿದ ಒಳಪೊರೆ ಊದಿಕೊಂಡು ಮೂಗು ಕಟ್ಟುತ್ತದೆ, ಮೂಗು ಕಟ್ಟಿದ್ದರಿಂದ ಬಾಯಿ ಇನ್ನಷ್ಟು ತೆರೆಯುತ್ತದೆ, ಬಾಯಿ ತೆರೆದಷ್ಟೂ ಸೋರಿಕೆ ಹೆಚ್ಚುತ್ತದೆ. ಬಾಯಿಯ ಸೋರಿಕೆಯು ಮೂಗಿನ ಅಡಚಣೆಯನ್ನು ಹೆಚ್ಚಿಸುತ್ತದೆ, ಗಾಳಿಯನ್ನು ಬೆಚ್ಚಗೆ ಮಾಡಿ ತೇವ ತುಂಬಿದರೆ ಆ ಹೆಚ್ಚಳ ಬಹುಮಟ್ಟಿಗೆ ತಪ್ಪುತ್ತದೆ ಎಂಬುದನ್ನು 1996ರಲ್ಲಿ ಸಿಡ್ನಿಯ ಸಂಶೋಧಕರೇ ತೋರಿಸಿಕೊಟ್ಟರು. ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಸೇರಿಸುವ ನೀರಿನ ತೊಟ್ಟಿ, ಯಂತ್ರದ ಅಲಂಕಾರವಲ್ಲ ಎನ್ನಲು ಇಷ್ಟು ಸಾಕು.

ಈ ತೊಟ್ಟಿಯಲ್ಲಿ ಸುಮಾರು 300ರಿಂದ 400 ಮಿಲಿಲೀಟರ್ ನೀರು ಹಿಡಿಯುತ್ತದೆ, ಅದರ ಕೆಳಗಿನ ಬಿಸಿ ತಟ್ಟೆ ನೀರನ್ನು ಉಗುರುಬೆಚ್ಚಗೆ ಇಟ್ಟು ಮೇಲೆ ಹಾಯುವ ಗಾಳಿಗೆ ಆವಿಯನ್ನು ಸೇರಿಸುತ್ತದೆ. ಒಣಗುವುದನ್ನು ತಪ್ಪಿಸಲು ಅಂಕಿಯನ್ನು ಒಮ್ಮೆಲೇ ಮೇಲಕ್ಕೇರಿಸಿದವರಿಗೆ ಎರಡನೆಯ ತೊಂದರೆ ಕಾದಿರುತ್ತದೆ. 30 ಡಿಗ್ರಿಯಲ್ಲಿ 30 ಗ್ರಾಂ ಆವಿ ಹೊತ್ತು ಹೊರಟ ಗಾಳಿ, ಆರಡಿ ಉದ್ದದ ಕೊಳವೆಯಲ್ಲಿ ಸಾಗುತ್ತ 20 ಡಿಗ್ರಿಗೆ ತಣ್ಣಗಾದರೆ 17 ಗ್ರಾಮಿಗಿಂತ ಹೆಚ್ಚನ್ನು ಹಿಡಿದಿಟ್ಟುಕೊಳ್ಳಲಾರದೆ ಉಳಿದದ್ದನ್ನು ಹನಿಗಳಾಗಿ ಕೊಳವೆಯೊಳಗೇ ಬಿಟ್ಟುಬಿಡುತ್ತದೆ. ಆ ಹನಿಗಳು ಕೂಡಿ ಗುಳುಗುಳು ಸದ್ದು ಮಾಡುತ್ತವೆ, ಮಗ್ಗುಲಾದಾಗ ಮೂಗಿಗೆ ನುಗ್ಗುತ್ತವೆ. ಹೆಂಚಿನ ಮನೆಗಳಲ್ಲಿ ಬೆಳಗಿನ ಜಾವದ ಚಳಿಗೆ ಇದು ಸಾಮಾನ್ಯ. ಪರಿಹಾರವು ತೇವವನ್ನು ಪೂರ್ತಿ ನಿಲ್ಲಿಸುವುದರಲ್ಲಿಲ್ಲ, ಕೊಳವೆಯನ್ನು ಬೆಚ್ಚಗಿಡುವುದರಲ್ಲಿದೆ: ಒಳಗೆ ತಂತಿ ಹೆಣೆದ ಬಿಸಿ ಕೊಳವೆ ಸಿಗುತ್ತದೆ, ಅದಿಲ್ಲದಿದ್ದರೆ ಬಟ್ಟೆಯ ಗವಸು ತೊಡಿಸಬಹುದು, ಅಥವಾ ಕೊಳವೆಯ ಬಹುಪಾಲನ್ನು ಕಂಬಳಿಯೊಳಗೆ ಹಾಯಿಸಬಹುದು. ಯಂತ್ರವನ್ನು ದಿಂಬಿಗಿಂತ ಕೆಳಗಿಟ್ಟರೆ ಹನಿಗಟ್ಟಿದ ನೀರು ಮುಖದ ಕಡೆ ಹರಿಯದೆ ತೊಟ್ಟಿಯ ಕಡೆ ಇಳಿಯುತ್ತದೆ, ಫ್ಯಾನಿನ ಗಾಳಿ ನೇರವಾಗಿ ಕೊಳವೆಗೆ ಬಡಿಯದಂತೆ ನೋಡಿಕೊಳ್ಳುವುದೂ ಲೇಸು. ಜೂನಿನಿಂದ ಸೆಪ್ಟೆಂಬರಿನವರೆಗೆ ಅಂಕಿಯನ್ನು ತಗ್ಗಿಸಿ, ದೀಪಾವಳಿಯ ನಂತರ ಒಂದೊಂದೇ ಮೆಟ್ಟಿಲು ಏರಿಸುತ್ತ, ಪ್ರತಿ ಮೆಟ್ಟಿಲಿಗೂ ಎರಡು ಮೂರು ರಾತ್ರಿಗಳ ಅವಕಾಶ ಕೊಡುವುದು ಈ ಭಾಗಕ್ಕೆ ಹೊಂದುವ ಕ್ರಮ.

ತೊಟ್ಟಿಗೆ ಹಾಕುವ ನೀರಿನ ವಿಷಯದಲ್ಲಿ ತಯಾರಕರು ಹೇಳುವುದು ಡಿಸ್ಟಿಲ್ಡ್ ವಾಟರ್, ಅಂದರೆ ಆವಿಯಾಗಿಸಿ ಮತ್ತೆ ತಣಿಸಿದ, ಲವಣಗಳಿಲ್ಲದ ನೀರು. ಕೊಳವೆಬಾವಿಯ ಗಡಸು ನೀರನ್ನು ಹಾಕಿದರೆ ಬಚ್ಚಲ ಹಂಡೆಯ ಒಳಗೆ ಕಟ್ಟುವಂಥದೇ ಬಿಳಿ ಪದರ ತೊಟ್ಟಿಯ ತಳದಲ್ಲಿ ಕಟ್ಟಿಕೊಳ್ಳುತ್ತದೆ. ಕಾಯಿಸಿ ಆರಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆಯೇ ಹೊರತು ಲವಣ ಉಳಿದೇ ಉಳಿಯುತ್ತದೆ. ಫಿಲ್ಟರಿನ ಆರ್‌ಓ ನೀರಿನಲ್ಲಿ ಲವಣ ಕಡಿಮೆ, ಆದರೆ ಇಲ್ಲವೆಂದಲ್ಲ. ಗ್ಯಾರೇಜುಗಳಲ್ಲಿ ಸಿಗುವ ಬ್ಯಾಟರಿ ನೀರು ಉಸಿರಿಗಾಗಿ ತಯಾರಾದದ್ದಲ್ಲ, ಅದೇ ಕಪಾಟಿನಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ ಎಂಬುದನ್ನು ಮರೆಯಬಾರದು. ನೆಗಡಿಯಾದಾಗ ನೀಲಗಿರಿ ಎಣ್ಣೆಯನ್ನೋ ಬಾಮನ್ನೋ ತೊಟ್ಟಿಗೆ ಬೆರೆಸುವ ಆಸೆಯೂ ಸಲ್ಲದು: ಬಿಸಿನೀರಿನ ಪಾತ್ರೆಯ ಮೇಲೆ ಹತ್ತು ನಿಮಿಷ ಆವಿ ತೆಗೆದುಕೊಳ್ಳುವುದು ಒಂದು, ಒತ್ತಡದ ಗಾಳಿಯಲ್ಲಿ ಎಂಟು ಗಂಟೆ ಎಣ್ಣೆಯನ್ನು ಉಸಿರಾಡುವುದು ಇನ್ನೊಂದು. ಉಳಿದ ನೀರನ್ನು ಪ್ರತಿ ಬೆಳಿಗ್ಗೆ ಚೆಲ್ಲಿ, ತೊಟ್ಟಿಯನ್ನು ತೊಳೆದು ಒಣಗಿಸಿ, ರಾತ್ರಿ ಹೊಸ ನೀರು ಹಾಕಬೇಕು. ನೀರಿರುವ ಯಂತ್ರವನ್ನು ಎತ್ತಿ ಸಾಗಿಸಿದರೆ ನೀರು ಮೋಟಾರಿಗೆ ಇಳಿಯುತ್ತದೆ.

ಮುಖವಾಡದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಮೂಗನ್ನು ಮಾತ್ರ ಮುಚ್ಚುವುದು, ಮೂಗಿನ ಹೊಳ್ಳೆಗಳಿಗೆ ಆನಿಕೊಳ್ಳುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆ. ಬಾಯಿ ತೆರೆದು ಮಲಗುವವರಿಗೆ ಕೊನೆಯದೇ ಬೇಕಾಗಬಹುದು, ಆದರೆ ಮೊದಲು ಮೂಗಿನ ಕಟ್ಟುವಿಕೆಗೆ ಚಿಕಿತ್ಸೆ ನಡೆಯಲಿ. ಪಟ್ಟಿಗಳನ್ನು ಕೂತಾಗ ಬಿಗಿದುಕೊಳ್ಳದೆ, ಮಲಗಿ ಯಂತ್ರ ಚಾಲೂ ಇರುವಾಗ ಹೊಂದಿಸಿಕೊಳ್ಳಬೇಕು. ಬಿಗಿದಷ್ಟೂ ಸೋರಿಕೆ ನಿಲ್ಲುತ್ತದೆ ಎಂಬುದು ಸುಳ್ಳು, ಅತಿ ಬಿಗಿದರೆ ಸಿಲಿಕೋನಿನ ಅಂಚು ಮಡಚಿ ಹೊಸ ಸೋರಿಕೆ ಹುಟ್ಟುತ್ತದೆ, ಮೂಗಿನ ಮೇಲೆ ಹುಣ್ಣಾಗುತ್ತದೆ. ಮುಖಕ್ಕೆ ಹಚ್ಚಿದ ಕೊಬ್ಬರಿ ಎಣ್ಣೆ, ದಟ್ಟ ಗಡ್ಡ, ಮೂಗುತಿ ಇವೂ ಅಂಚನ್ನು ಕೂರಗೊಡುವುದಿಲ್ಲ. ಆಯಸ್ಕಾಂತದ ಕೊಂಡಿಗಳಿರುವ ಮುಖವಾಡಗಳು ಪೇಸ್‌ಮೇಕರ್‌ನಂಥ ಸಾಧನವನ್ನು ದೇಹದೊಳಗೆ ಹೊಂದಿರುವವರಿಗೆ, ಅವರ ಮಗ್ಗುಲಲ್ಲಿ ಮಲಗುವವರಿಗೂ, ಅಪಾಯ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2022ರಲ್ಲಿ ಎಚ್ಚರಿಸಿದೆ. ಗೋವಿನಜೋಳ, ಭತ್ತದ ಒಕ್ಕಲಿನ ತಿಂಗಳುಗಳಲ್ಲಿ ಯಂತ್ರದ ಹಿಂಬದಿಯ ಫಿಲ್ಟರ್ ಬೇಗನೆ ಬೂದಿ ಬಣ್ಣಕ್ಕೆ ತಿರುಗುವುದರಿಂದ ಅದನ್ನು ಯಂತ್ರದ ಜೊತೆ ಬರುವ ಕಿರುಹೊತ್ತಿಗೆಯಲ್ಲಿ ಹೇಳಿದ್ದಕ್ಕಿಂತ ಮೊದಲೇ ಬದಲಿಸಬೇಕಾಗುತ್ತದೆ.

ಉಳಿದದ್ದು ಕರೆಂಟಿನ ಚಿಂತೆ. ಸೂಪಾ, ನಾಗಝರಿಗಳಲ್ಲಿ ಕಾಳಿ ನದಿಯಿಂದ ವಿದ್ಯುತ್ ತಯಾರಾಗುವ ಈ ಸೀಮೆಯಲ್ಲೇ, ಕಾಡಿನ ನಡುವೆ ಎಳೆದ ತಂತಿಗಳ ಮೇಲೆ ಕೊಂಬೆ ಬಿದ್ದು ಹಳ್ಳಿಗಳು ಮಳೆಗಾಲದ ರಾತ್ರಿಗಳನ್ನು ಕತ್ತಲಲ್ಲಿ ಕಳೆಯುವುದು ವಿಪರ್ಯಾಸವೇ ಸರಿ. ಯಂತ್ರದ ಪಂಖಕ್ಕೆ ಬೇಕಾಗುವ ವಿದ್ಯುತ್ ಅಲ್ಪ; ಬಿಸಿ ತಟ್ಟೆ, ಬಿಸಿ ಕೊಳವೆ ಸೇರಿದಾಗ ಅದು ಹಲವು ಪಟ್ಟಾಗುತ್ತದೆ. ಸಣ್ಣ ಬ್ಯಾಟರಿಯ ಮೇಲೆ ನಡೆಸುವಾಗ ಬಿಸಿಯನ್ನು ಆರಿಸಿ ಒತ್ತಡವನ್ನು ಮಾತ್ರ ಉಳಿಸಿಕೊಂಡರೆ ರಾತ್ರಿ ದಾಟಿಸಬಹುದು, ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವವಾಗಿರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಮನೆಯ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಸೈನ್ ವೇವ್ ಬಗೆಯದಾಗಿರುವುದು ಒಳ್ಳೆಯದು. ಯಂತ್ರ ನಿಂತರೆ ಉಸಿರುಗಟ್ಟೀತೆಂಬ ಭಯ ಹಲವರಿಗಿದೆ. ಮೂಗು ಬಾಯಿ ಎರಡನ್ನೂ ಮುಚ್ಚುವ ಮುಖವಾಡಗಳಲ್ಲಿ ಒತ್ತಡ ಇಲ್ಲವಾದ ಕೂಡಲೇ ಹೊರಗಿನ ಗಾಳಿಗೆ ತೆರೆದುಕೊಳ್ಳುವ ಕವಾಟವಿರುತ್ತದೆ, ಮೂಗಿನ ಮುಖವಾಡದಲ್ಲಿ ಬಾಯಿ ಹೇಗೂ ಮುಖವಾಡದ ಹೊರಗೇ ಇರುತ್ತದೆ.

ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು, ಮುಂಡಗೋಡದವರು ತಜ್ಞರನ್ನು ಕಾಣಲು ಹುಬ್ಬಳ್ಳಿಗೆ ಹೋಗುವುದೂ ಹಳೆಯ ರೂಢಿಯೇ. ಯಂತ್ರವನ್ನು ಬರೆದುಕೊಟ್ಟ ಮೇಲೆ ಮರುಭೇಟಿ ತಪ್ಪುವುದು ಈ ದೂರದಿಂದಲೇ. ಆದರೆ ಈಗಿನ ಬಹುತೇಕ ಯಂತ್ರಗಳು ಪ್ರತಿ ರಾತ್ರಿಯ ಬಳಕೆಯ ಗಂಟೆ, ಸೋರಿಕೆ, ಉಳಿದ ಉಸಿರುತಡೆಗಳ ಸಂಖ್ಯೆ ಇವನ್ನು ತಮ್ಮಲ್ಲೇ ದಾಖಲಿಸಿಕೊಳ್ಳುತ್ತವೆ, ವೈದ್ಯರು ಕೇಳುವುದೂ ಅವನ್ನೇ. ಅಮೆರಿಕದ ಸರ್ಕಾರಿ ವಿಮೆಯು 30 ದಿನಗಳಲ್ಲಿ ಶೇಕಡಾ 70ರಷ್ಟು ರಾತ್ರಿಗಳಲ್ಲಿ ಕನಿಷ್ಠ 4 ಗಂಟೆ ಬಳಸಿದವರನ್ನು ನಿಯಮಿತ ಬಳಕೆದಾರರೆಂದು ಪರಿಗಣಿಸುತ್ತದೆ. ಅದು ವಿಮೆಯ ಕನಿಷ್ಠ ಅಳತೆ, ನಿದ್ರೆಯಿರುವಷ್ಟು ಹೊತ್ತೂ ಯಂತ್ರವಿರುವುದೇ ಲಾಭ. ತೇವಾಂಶದ ಅಂಕಿಯನ್ನು ಮನೆಯವರೇ ಬದಲಿಸಬಹುದು, ಒತ್ತಡದ ಅಂಕಿಯನ್ನು ವೈದ್ಯರಲ್ಲದೆ ಬೇರೆ ಯಾರೂ ಮುಟ್ಟಬಾರದು. ಕಪಾಟು ಸೇರಿದ ಯಂತ್ರವುಳ್ಳವರು ಅದನ್ನು ಮಾರುವ ಮೊದಲು, ತೊಟ್ಟಿಗೆ ಶುದ್ಧ ನೀರು ಹಾಕಿ, ಕೊಳವೆಯನ್ನು ಬೆಚ್ಚಗಿಟ್ಟು ಒಂದು ವಾರ ಬಳಸಿ ನೋಡಲಿ, ಆಗಲೂ ಸರಿಹೋಗದಿದ್ದರೆ ಯಂತ್ರವನ್ನೂ ಮುಖವಾಡವನ್ನೂ ಜೊತೆಗೆ ತೆಗೆದುಕೊಂಡು ವೈದ್ಯರ ಬಳಿಗೆ ಹೋಗಲಿ.